ಲಾರಿಯ ಅಚ್ಚು, ಬ್ರೇಕು, ಸ್ಟೇರಿಂಗು: ಬಿಡಿಭಾಗಗಳನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಅಚ್ಚುಮೆಚ್ಚು (ವಿಷಯ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಭಾರಿ ವಾಹನಗಳ ದುರಸ್ತಿಯನ್ನು ಕಲಿಸುವ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ನನ್ನ ಹುಡುಗರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರು. ಕೈಗೆ ಪಾನಾ ಕೊಟ್ಟರೆ ಚುರುಕಾಗಿ ಕೆಲಸ ಮಾಡುತ್ತಾರೆ, ಇಂಗ್ಲಿಷ್ ಕೈಪಿಡಿಯನ್ನು ಕೊಟ್ಟರೆ ಮಂಕಾಗುತ್ತಾರೆ. ಅವರಿಗಾಗಿ ಅಚ್ಚು (ಆಕ್ಸಲ್), ಬ್ರೇಕು ಮತ್ತು ಸ್ಟೇರಿಂಗಿನ ಭಾಗಗಳನ್ನು ಕುರಿತು ಸುಮಾರು ನಲವತ್ತು ಪುಟಗಳ ಕನ್ನಡ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬರೆಯಲು ಕುಳಿತಾಗಲೇ ನಿಜವಾದ ತೊಡಕು ಎಲ್ಲಿದೆ ಎಂಬುದು ಗೊತ್ತಾಯಿತು.

ಮೊದಲು ಎಲ್ಲಿಂದಲೋ ಬಂದಿದ್ದ ಒಂದು ಅನುವಾದಿತ ಕರಪತ್ರವನ್ನು ಆಧಾರವಾಗಿ ಇಟ್ಟುಕೊಳ್ಳೋಣವೆಂದು ಯೋಚಿಸಿದ್ದೆ. ಅದರಲ್ಲಿ ಸ್ಟೇರಿಂಗ್ ಚಕ್ರದ ಸಡಿಲಿಕೆಗೆ, ಅಂದರೆ ನಾವೆಲ್ಲ ‘ಪ್ಲೇ’ ಎನ್ನುವುದಕ್ಕೆ, ‘ಉಚಿತ ಆಟ’ ಎಂದು ಬರೆದಿದ್ದರು. ಟ್ರೇಲರನ್ನು ಎಳೆಯುವ ಗಾಡಿಯ ಮೇಲೆ ಕೂರುವ ತಟ್ಟೆಯನ್ನು ‘ಐದನೆಯ ಚಕ್ರ’ ಎಂದು ಕರೆದಿದ್ದರು. ಅದನ್ನು ಓದಿದ ಹುಡುಗನೊಬ್ಬ ನೇರವಾಗಿ ಸ್ಟೆಪ್ನಿಯ ಕಡೆಗೆ ಕೈತೋರಿಸಿದ. ಅವನ ತಪ್ಪೇನೂ ಇರಲಿಲ್ಲ.

ನನ್ನ ಮುಂದೆ ಮೂರು ಬಗೆಯ ಪದಗಳಿವೆ: ಗ್ಯಾರೇಜಿನಲ್ಲಿ ಬಳಕೆಯಲ್ಲಿರುವವು, ಎತ್ತಿನ ಗಾಡಿಯ ಕಾಲದಿಂದ ಬಂದವು, ನಿಘಂಟುಗಳಲ್ಲಿ ಸಿಗುವ ಸಂಸ್ಕೃತ ಮೂಲದವು. ಯಾವುದನ್ನು ಎಲ್ಲಿ ಬಳಸಬೇಕೆಂಬ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮುಖ್ಯವಾಗಿ ಆಕ್ಸಲ್, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ), ಸ್ಟಬ್ ಆಕ್ಸಲ್ (ಆ ಗೂಟದ ಸುತ್ತ ತಿರುಗುವ, ಚಕ್ರ ಕೂರುವ ಗಿಡ್ಡ ಭಾಗ), ಬ್ರೇಕ್ ಚೇಂಬರ್ (ಗಾಳಿಯ ಒತ್ತಡದಿಂದ ಬ್ರೇಕನ್ನು ಒತ್ತುವ ಡಬ್ಬಿ) ಮತ್ತು ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಂದನ್ನು ಸರಿಪಡಿಸುವ ಕೈ), ಈ ಐದು ನನ್ನನ್ನು ಬಹಳ ಕಾಡುತ್ತಿವೆ.

ಗ್ಯಾರೇಜಿನ ಮೂಲೆ

ಮೇಷ್ಟ್ರೇ, ನಿಮ್ಮ ಪ್ರಯತ್ನಕ್ಕೆ ನನ್ನ ಮೆಚ್ಚುಗೆ ಇದೆ, ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿಯ ಪಕ್ಕದಲ್ಲಿ ಮೂವತ್ತು ವರ್ಷಗಳಿಂದ ಲಾರಿ ಕೆಲಸ ಮಾಡುತ್ತಿದ್ದೇನೆ. ಬಿಡಿಭಾಗದ ಅಂಗಡಿಗೆ ಹುಡುಗನನ್ನು ಕಳುಹಿಸುವಾಗ ಅವನ ಬಾಯಲ್ಲಿ ಇರಬೇಕಾದ ಪದ ಅಂಗಡಿಯವನಿಗೆ ತಿಳಿಯುವ ಪದವೇ ಆಗಿರಬೇಕು. ‘ಗತಿರೋಧಕ ಪಾದುಕೆ’ ಕೊಡಿ ಎಂದರೆ ಅವನು ದೇವಸ್ಥಾನದ ದಾರಿ ತೋರಿಸಿಯಾನು. ನಮ್ಮಲ್ಲಿ ಬ್ರೇಕ್ ಶೂ, ಲೈನರ್, ಡ್ರಮ್, ಹಬ್, ಕ್ರೌನ್, ಪಿನಿಯನ್, ಟೈ ರಾಡ್, ಡ್ರಾಪ್ ಆರ್ಮ್, ಯು ಬೋಲ್ಟ್, ಕಮಾನ್ ಪಟ್ಟಿ ಎಂಬ ಪದಗಳು ಬೇರೂರಿವೆ. ಇವುಗಳನ್ನು ಕೀಳುವುದರಿಂದ ಯಾರಿಗೂ ಉಪಯೋಗವಿಲ್ಲ.

ಹಾಗೆಂದು ಗ್ಯಾರೇಜಿನ ಮಾತೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ. ನಾವು ‘ಎಕ್ಸೆಲ್’ ಎನ್ನುವುದು ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟನ್ನು ಮಾತ್ರ. ಅದು ಕೂಡಿರುವ ದೊಡ್ಡ ಕೊಳವೆಯಂತಹ ಭಾಗ ನಮಗೆ ‘ಹೌಸಿಂಗ್’. ಮುಂದಿನದು ‘ಫ್ರಂಟ್ ಎಕ್ಸೆಲ್’. ಒಮ್ಮೆ ಕೆಟ್ಟು ನಿಂತ ಗಾಡಿಯೊಂದನ್ನು ಎಳೆದು ತರಬೇಕಾಗಿತ್ತು. ಎಂಜಿನ್ ನಿಂತಿರುವಾಗ ಹಿಂದಿನ ಚಕ್ರಗಳು ಉರುಳಿದರೆ ಗೇರ್‌ಬಾಕ್ಸ್ ಒಳಗೆ ಎಣ್ಣೆ ಸರಿಯಾಗಿ ಹರಡದೆ ಅದು ಹಾಳಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಹೊಸದಾಗಿ ಸೇರಿದ್ದ ಹುಡುಗನಿಗೆ ಫೋನಿನಲ್ಲಿ “ಎಕ್ಸೆಲ್ ಬಿಚ್ಚಿ, ಆಮೇಲೆ ಎಳೆಸಿಕೊಂಡು ಬಾ” ಎಂದೆ. ಅವನು ಓದಿಕೊಂಡಿದ್ದವನು, “ಅಣ್ಣ, ಎಕ್ಸೆಲ್ ಬಿಚ್ಚಿದರೆ ಚಕ್ರ ಎಲ್ಲಿರುತ್ತದೆ, ಎಳೆಯುವುದು ಹೇಗೆ?” ಎಂದು ಕೇಳಿದ. ಅವನ ಪುಸ್ತಕದಲ್ಲಿ ಎಕ್ಸೆಲ್ ಎಂದರೆ ಚಕ್ರಗಳನ್ನು ಹೊತ್ತುಕೊಂಡಿರುವ ಇಡೀ ಭಾಗ. ನಾನು ಗದರಿಸಿದೆ. ಈಗ ಯೋಚಿಸಿದರೆ ಅವನು ಕೇಳಿದ್ದೇ ಸರಿಯಾದ ಪ್ರಶ್ನೆ.

ಪದಶೋಧ

ಗ್ಯಾರೇಜಿನ ಮೂಲೆ ಅವರು ಹೇಳಿದ ಪ್ರಸಂಗ ಈ ಚರ್ಚೆಯ ತಿರುಳಿಗೇ ಕೈಹಾಕಿದೆ. ನಾನು ನಿವೃತ್ತ ಕನ್ನಡ ಅಧ್ಯಾಪಕ. ನಮ್ಮ ತಾತ ಊರಿನಲ್ಲಿ ಗಾಡಿ ಕಟ್ಟುತ್ತಿದ್ದವರು. ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಇರುವ, ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ದಂಡಕ್ಕೆ ನಮ್ಮ ಕಡೆ ಅಚ್ಚು ಎಂದೂ ಇರಸು ಎಂದೂ ಕರೆಯುತ್ತಾರೆ. ಅದು ತಿರುಗುವುದಿಲ್ಲ, ಅದರ ತುದಿಯಲ್ಲಿ ಗಾಲಿಯ ಗುಂಬ, ಅಂದರೆ ಗಾಲಿಯ ನಡುವಿನ ದುಂಡು ಭಾಗ, ಸುತ್ತುತ್ತದೆ. ಗಾಲಿ ಕಳಚಿ ಬೀಳದಂತೆ ತುದಿಯಲ್ಲಿ ಹೊಡೆಯುವುದು ಕಡೆಗೀಲು, ಅದು ವಚನಗಳ ಕಾಲದಿಂದಲೂ ಇರುವ ಪದ. ಗುಂಬದ ಒಳಗೆ ಸವೆತವಾಗದಂತೆ ಹಚ್ಚುವುದು ಕೀಲೆಣ್ಣೆ. ಇವು ಯಾವುವೂ ನಿಘಂಟಿನಲ್ಲಿ ಕುಳಿತು ಹುಟ್ಟಿದ ಪದಗಳಲ್ಲ, ಕೆಲಸದಿಂದ ಹುಟ್ಟಿದವು.

ನನ್ನ ಸಲಹೆ ಸರಳವಾದುದು. ಆಕ್ಸಲ್‌ಗೆ ಅಚ್ಚು, ಹಬ್‌ಗೆ ಗುಂಬ, ಬ್ರೇಕಿಗೆ ತಡೆ, ಸ್ಟೇರಿಂಗಿಗೆ ಚುಕ್ಕಾಣಿ ಎಂದು ಬಳಸೋಣ. ಮಕ್ಕಳು ಒಂದೆರಡು ತಿಂಗಳು ತಡವರಿಸಬಹುದು, ಆಮೇಲೆ ಅಭ್ಯಾಸವಾಗುತ್ತದೆ.

ಹೂಟಗಳ್ಳಿ ರಸ್ತೆ

ಪದಶೋಧ ಅವರು ಹೇಳಿದ ಒಂದು ವಾಕ್ಯವನ್ನು ನಾನು ಕೈಬಿಡಲಾರೆ: “ಅದು ತಿರುಗುವುದಿಲ್ಲ.” ನಾನು ಅಚ್ಚುಗಳ ತಯಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿರುವ ಎಂಜಿನಿಯರ್. ಲಾರಿಗಳ ಹಿಂದಿನ ಅಚ್ಚುಗಳನ್ನು ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಂಪನಿ 1981ರಲ್ಲಿ ಸ್ಥಾಪನೆಯಾದದ್ದು ನಮ್ಮ ಮೈಸೂರಿನ ಹೂಟಗಳ್ಳಿಯಲ್ಲೇ ಆದ್ದರಿಂದ, ಈ ವಸ್ತುವಿಗೆ ಕನ್ನಡದಲ್ಲಿ ಸರಿಯಾದ ಹೆಸರು ಇಲ್ಲವೆಂದರೆ ನಮಗೆ ಸ್ವಲ್ಪ ನಾಚಿಕೆಯ ವಿಷಯವೇ ಸರಿ.

ಭಾರಿ ಲಾರಿಗಳ ಹಿಂದಿನ ಅಚ್ಚಿನಲ್ಲಿ ಎರಡು ಕೆಲಸಗಳು ಬೇರೆ ಬೇರೆಯಾಗಿ ನಡೆಯುತ್ತವೆ. ಭಾರವನ್ನು ಹೊರುವುದು ಹೌಸಿಂಗ್; ಅದರ ಎರಡೂ ತುದಿಗಳಲ್ಲಿ ಟೇಪರ್ (ಒಂದು ತುದಿಗೆ ಕಿರಿದಾಗುವ) ರೋಲರ್ ಬೇರಿಂಗುಗಳ ಮೇಲೆ ಹಬ್ ಕುಳಿತಿರುತ್ತದೆ. ಹೌಸಿಂಗಿನ ಒಳಗಡೆ, ನಡುವಿನ ಡಿಫರೆನ್ಶಿಯಲ್‌ನಿಂದ (ಎಂಜಿನ್ನಿನ ಬಲವನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಹಬ್‌ವರೆಗೆ ಹೋಗುವ ಶಾಫ್ಟ್ ಕೇವಲ ತಿರುಚುಬಲವನ್ನು ಸಾಗಿಸುತ್ತದೆ, ಗಾಡಿಯ ತೂಕವನ್ನು ಒಂದಿಷ್ಟೂ ಹೊರುವುದಿಲ್ಲ. ಇದನ್ನೇ ‘ಫುಲ್ ಫ್ಲೋಟಿಂಗ್’ ಎನ್ನುವುದು. ಆದ್ದರಿಂದಲೇ ಗಾಡಿಯನ್ನು ಜಾಕ್ ಮೇಲೆ ಎತ್ತದೆಯೇ ಹೊರಗಿನ ನಟ್‌ಗಳನ್ನು ಬಿಚ್ಚಿ ಶಾಫ್ಟನ್ನು ಎಳೆದು ತೆಗೆಯಬಹುದು. ಅದು ತುಂಡಾದರೂ ಚಕ್ರ ಬೀಳುವುದಿಲ್ಲ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಅಷ್ಟೆ.

ಹಾಗಾದರೆ ಎತ್ತಿನ ಗಾಡಿಯ ಅಚ್ಚಿಗೆ ನಿಜವಾಗಿ ಸರಿಸಮನಾದದ್ದು ಯಾವುದು? ಮುಂದೆ ಉಕ್ಕಿನಲ್ಲಿ ಬಡಿದು ಮಾಡಿದ ‘ಐ’ ಆಕಾರದ ತೊಲೆ, ಹಿಂದೆ ಹೌಸಿಂಗ್. ಗ್ಯಾರೇಜಿನಲ್ಲಿ ‘ಎಕ್ಸೆಲ್’ ಎಂದು ಕರೆಯುವ ಶಾಫ್ಟು ಹಳೆಯ ಅರ್ಥದಲ್ಲಿ ಅಚ್ಚೇ ಅಲ್ಲ. ಆದುದರಿಂದ ಅಚ್ಚು ಎಂಬ ಪದವನ್ನು ಭಾರ ಹೊರುವ ಭಾಗಕ್ಕೆ ಮಾತ್ರ ಮೀಸಲಿಟ್ಟು, ‘ಮುಂದಿನ ಅಚ್ಚು’, ‘ಹಿಂದಿನ ಅಚ್ಚು’ ಎಂದು ಬಳಸುವುದು, ಒಳಗಿನದನ್ನು ‘ಎಕ್ಸೆಲ್ ಶಾಫ್ಟ್’ ಎಂದೇ ಉಳಿಸಿಕೊಳ್ಳುವುದು ನನ್ನ ಸೂಚನೆ. ಆಗ “ಎಕ್ಸೆಲ್ ಕಟ್ಟಾಯಿತು” ಮತ್ತು “ಅಚ್ಚು ಮುರಿಯಿತು” ಎಂಬ ಎರಡು ಮಾತುಗಳು ಎರಡು ಬೇರೆ ಅವಘಡಗಳಾಗುತ್ತವೆ. ನಿಜಕ್ಕೂ ಅವು ಬೇರೆಯೇ. ಮೊದಲನೆಯದರಲ್ಲಿ ಗಾಡಿ ನಿಲ್ಲುತ್ತದೆ, ಎರಡನೆಯದರಲ್ಲಿ ಗಾಡಿ ಕುಸಿಯುತ್ತದೆ.

ಘಟ್ಟದ ಗಾಡಿ

ಲಾರಿ ಮಾಲೀಕನಾಗಿ ಇದಕ್ಕೆ ನನ್ನ ಒಪ್ಪಿಗೆ ಇದೆ, ಏಕೆಂದರೆ ಈ ಗೊಂದಲಕ್ಕೆ ಹಣ ತೆತ್ತವನು ನಾನು. ಚಾಲಕ ರಾತ್ರಿ ಫೋನ್ ಮಾಡಿ “ಮುಂದೆ ಎಕ್ಸೆಲ್‌ದು ಹೋಗಿದೆ” ಎಂದ. ನಾನು ಬೆಳಗಾಗುವುದರೊಳಗೆ ಬೇರೆ ಊರಿನಿಂದ ಯಾವುದೋ ಭಾಗವನ್ನು ಬಸ್ಸಿನಲ್ಲಿ ಹಾಕಿಸಿ ಕಳುಹಿಸಿದೆ. ಅಲ್ಲಿ ಸವೆದುಹೋಗಿದ್ದುದು ಕಿಂಗ್‌ಪಿನ್ನಿನ ಬುಷ್ (ಗೂಟದ ಸುತ್ತಲಿನ ಬಳೆ) ಮಾತ್ರ. ಎರಡು ದಿನ ಗಾಡಿ ನಿಂತಿತು.

ಚಕ್ರಗಳ ಲೆಕ್ಕದಲ್ಲೂ ಇಂತಹುದೇ ಗೊಂದಲವಿದೆ. ನಾವು ಲಾರಿಯನ್ನು ‘ಹತ್ತು ಚಕ್ರ’, ‘ಹನ್ನೆರಡು ಚಕ್ರ’, ‘ಹದಿನಾಲ್ಕು ಚಕ್ರ’ ಎಂದು ಕರೆಯುತ್ತೇವೆ. ಆದರೆ ಟೋಲ್ ಲೆಕ್ಕ ಹಾಕುವುದು ಅಚ್ಚಿನ ಮೇಲೆ. ಹನ್ನೆರಡು ಚಕ್ರದ ಲಾರಿಯಲ್ಲೇ ಎರಡು ಬಗೆಗಳಿವೆ: ಒಂದರಲ್ಲಿ ಮುಂದೆ ಸ್ಟೇರಿಂಗಿನ ಮಾತು ಕೇಳುವ ಎರಡು ಅಚ್ಚುಗಳು, ಹಿಂದೆ ಜೋಡಿ ಚಕ್ರಗಳ ಎರಡು ಅಚ್ಚುಗಳು, ಇನ್ನೊಂದರಲ್ಲಿ ಮುಂದೆ ಒಂದೇ ಅಚ್ಚು, ಹಿಂದೆ ಎರಡು, ಜೊತೆಗೆ ಖಾಲಿ ಗಾಡಿಯಲ್ಲಿ ಮೇಲಕ್ಕೆ ಎತ್ತಿ ಇಡುವ ಒಂದು ಲಿಫ್ಟ್ ಅಚ್ಚು. ಚಕ್ರ ಎಣಿಸಿದರೆ ಎರಡೂ ಒಂದೇ, ಸ್ಟೇರಿಂಗಿನ ರಾಡುಗಳನ್ನು ಎಣಿಸಿದರೆ ಪೂರ್ತಿ ಬೇರೆ. ಲೋಡಿನ ಮಾತೂ ಅಚ್ಚಿನದೇ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮಿತಿಯನ್ನು ಏರಿಸಿದಾಗ ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು, ಜೋಡಿ ಅಚ್ಚಿಗೆ 19 ಟನ್ ಇದ್ದದ್ದು 21 ಟನ್ ಆಯಿತು. ಈ ‘ಜೋಡಿ ಅಚ್ಚು’ ಎಂಬ ಪದವನ್ನು ನಿಮ್ಮ ಪುಸ್ತಕದಲ್ಲಿ ದಯವಿಟ್ಟು ಸೇರಿಸಿ. ‘ಟ್ಯಾಂಡೆಮ್’ ಎಂದು ಬರೆದರೆ ನಮ್ಮ ಹುಡುಗರು ಅದನ್ನು ಕಂಪನಿಯ ಹೆಸರು ಎಂದುಕೊಳ್ಳುತ್ತಾರೆ.

ಚುಕ್ಕಾಣಿಯ ಬಗ್ಗೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮಂಗಳೂರಿನ ಬಂದರಿಗೆ ಲೋಡು ಹೊಡೆಯುವವನು ನಾನು; ಚುಕ್ಕಾಣಿ ದೋಣಿಯ ಹಿಂದೆ ಇರುತ್ತದೆ.

ಪದಶೋಧ

ಘಟ್ಟದ ಗಾಡಿಯವರ ಕೊನೆಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ‘ಚುಕ್ಕಾಣಿ ಹಿಡಿ’ ಎಂಬುದು ನುಡಿಗಟ್ಟಾಗಿ ಚೆನ್ನಾಗಿದೆ. ಬಿಡಿಭಾಗದ ಹೆಸರಾಗಿ ಬಾರದೆಂದು ಒಪ್ಪಿಕೊಳ್ಳುತ್ತೇನೆ. ಸ್ಟೇರಿಂಗ್ ಎಂದೇ ಇರಲಿ. ‘ಸ್ಟಿಯರಿಂಗ್’ ಎಂದು ಬರೆಯಬೇಕೋ ‘ಸ್ಟೇರಿಂಗ್’ ಎಂದು ಬರೆಯಬೇಕೋ ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿ, ಇಲ್ಲವಾದರೆ ಅಕಾರಾದಿಯಲ್ಲಿ ಅದೇ ಪದ ಎರಡು ಕಡೆ ಬರುತ್ತದೆ.

ಬ್ರೇಕಿಗೆ ‘ತಡೆ’ ಏಕಾಗಬಾರದು ಎಂಬ ಪ್ರಶ್ನೆ ನನ್ನಲ್ಲಿ ಇನ್ನೂ ಉಳಿದಿದೆ.

ಗ್ಯಾರೇಜಿನ ಮೂಲೆ

ಏಕೆಂದರೆ ಗುರುಗಳೇ, ಏರ್ ಬ್ರೇಕಿನ ವ್ಯವಸ್ಥೆಯಲ್ಲಿ ತಡೆಯುವ ವಸ್ತುಗಳು ಹತ್ತಾರಿವೆ. ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ಇದೆ, ಎಣ್ಣೆ ಸೋರದಂತೆ ತಡೆಯುವ ಸೀಲ್ ಇದೆ, ಧೂಳು ತಡೆಯುವ ತಗಡು ಇದೆ. ಎಲ್ಲಕ್ಕೂ ‘ತಡೆ’ ಎಂಬ ಕ್ರಿಯಾಪದ ಬೇಕೇ ಬೇಕು. ಬ್ರೇಕನ್ನು ಬ್ರೇಕೆಂದೇ ಬಿಟ್ಟರೆ ‘ತಡೆ’ ಎಂಬ ಒಳ್ಳೆಯ ಕನ್ನಡ ಪದ ಉಳಿದ ಕೆಲಸಗಳಿಗೆ ಖಾಲಿಯಾಗಿ ಸಿಗುತ್ತದೆ.

ಬ್ರೇಕಿನ ವಿಷಯಕ್ಕೆ ಬಂದರೆ ಹೆಸರಿಗಿಂತ ಕ್ರಿಯಾಪದವೇ ಹೆಚ್ಚು ಅಪಾಯಕಾರಿ. ಚಾಲಕ “ಬ್ರೇಕ್ ಹೋಯಿತು” ಎನ್ನುತ್ತಾನೆ. ಒತ್ತಿದರೂ ಗಾಡಿ ನಿಲ್ಲಲಿಲ್ಲ ಎಂದು ಅರ್ಥವೋ, ಅಥವಾ ಗಾಳಿ ಇಳಿದು ಹಿಂದಿನ ಚಕ್ರಗಳು ಕಚ್ಚಿಕೊಂಡು ಗಾಡಿ ಕದಲುತ್ತಿಲ್ಲ ಎಂದು ಅರ್ಥವೋ ತಿಳಿಯುವುದಿಲ್ಲ. ಎರಡಕ್ಕೂ ಅದೇ ಮಾತು.

ಹೂಟಗಳ್ಳಿ ರಸ್ತೆ

ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ, ಏಕೆಂದರೆ ಟಿಪ್ಪಣಿಯ ಅತಿ ಮುಖ್ಯವಾದ ಪುಟ ಇದೇ ಆಗಬೇಕು.

ಲಾರಿಯ ಗಾಳಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 7ರಿಂದ 8 ಬಾರ್ ಒತ್ತಡವಿರುತ್ತದೆ. ಕಾಲಿನಿಂದ ಪೆಡಲ್ ಒತ್ತಿದಾಗ ಈ ಗಾಳಿ ಚೇಂಬರಿನೊಳಗೆ ನುಗ್ಗಿ, ರಬ್ಬರಿನ ಡಯಾಫ್ರಾಮನ್ನು ತಳ್ಳಿ, ಪುಷ್ ರಾಡಿನ ಮೂಲಕ ಸ್ಲ್ಯಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ; ಅದು ಇಂಗ್ಲಿಷಿನ ‘ಎಸ್’ ಅಕ್ಷರದಂತಿರುವ ಕ್ಯಾಮನ್ನು ತಿರುಗಿಸಿ ಎರಡು ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಇಲ್ಲಿ ಗಾಳಿ ಬಂದರೆ ಬ್ರೇಕ್ ಹಿಡಿಯುತ್ತದೆ. ಚೇಂಬರಿನ ಮೇಲೆ 24, 30 ಎಂದು ಬರೆದಿರುವುದು ಡಯಾಫ್ರಾಮಿನ ಕೆಲಸ ಮಾಡುವ ವಿಸ್ತೀರ್ಣ, ಚದರ ಇಂಚುಗಳಲ್ಲಿ. 30ರ ಚೇಂಬರಿಗೆ ಪ್ರತಿ ಚದರ ಇಂಚಿಗೆ 100 ಪೌಂಡ್ ಒತ್ತಡ ಕೊಟ್ಟರೆ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ತೂಕದ ಬಲ ಸಿಗುತ್ತದೆ.

ಪಾರ್ಕಿಂಗ್ ಬ್ರೇಕಿನಲ್ಲಿ ಇದು ತಿರುಗುಮುರುಗು. ಹಿಂದಿನ ಚೇಂಬರಿನ ಇನ್ನೊಂದು ಭಾಗದಲ್ಲಿ ಬಲವಾದ ಸ್ಪ್ರಿಂಗ್ ಒಂದನ್ನು ಗಾಳಿಯೇ ಒತ್ತಿ ಹಿಡಿದಿರುತ್ತದೆ. ಒತ್ತಡ ಸುಮಾರು 5 ಬಾರ್‌ಗಿಂತ ಕೆಳಗೆ ಇಳಿಯುತ್ತ ಹೋದಂತೆ ಸ್ಪ್ರಿಂಗ್ ಮೇಲುಗೈ ಪಡೆದು ಚಕ್ರವನ್ನು ಕಚ್ಚುತ್ತದೆ. ಇಲ್ಲಿ ಗಾಳಿ ಹೋದರೆ ಬ್ರೇಕ್ ಹಿಡಿಯುತ್ತದೆ. ಆದುದರಿಂದ ಟಿಪ್ಪಣಿಯಲ್ಲಿ ‘ಬ್ರೇಕ್ ಹೋಯಿತು’ ಎಂಬ ಮಾತನ್ನು ಎಲ್ಲಿಯೂ ಬಳಸಬಾರದು. ‘ಬ್ರೇಕ್ ಹಿಡಿಯುತ್ತಿಲ್ಲ’ ಮತ್ತು ‘ಬ್ರೇಕ್ ಬಿಡುತ್ತಿಲ್ಲ’ ಎಂಬ ಎರಡು ಮಾತುಗಳನ್ನು ಮಾತ್ರ ಬಳಸಬೇಕು. ಇವೆರಡೂ ಅಚ್ಚಗನ್ನಡದವು, ಗ್ಯಾರೇಜಿನವು, ತಪ್ಪಿಗೆ ಎಡೆಗೊಡದವು.

ಗ್ಯಾರೇಜಿನ ಮೂಲೆ

ಹಿಡಿಯುವುದು, ಬಿಡುವುದು. ನಮ್ಮಲ್ಲಿ ದಿನಾ ಆಡುವ ಮಾತೇ. ಒಪ್ಪಿದೆ.

ಚೇಂಬರಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ನಮ್ಮ ಕಡೆ ಎಲ್ಲ ಚೇಂಬರುಗಳಿಗೂ ‘ಬೂಸ್ಟರ್’ ಎನ್ನುತ್ತೇವೆ. ಮುಂದಿನದೂ ಬೂಸ್ಟರ್, ಹಿಂದಿನದೂ ಬೂಸ್ಟರ್. ಮುಂದಿನದರೊಳಗೆ ಡಯಾಫ್ರಾಮನ್ನು ಹಿಂದಕ್ಕೆ ತರುವ ಚಿಕ್ಕ ಸ್ಪ್ರಿಂಗ್ ಮಾತ್ರ ಇರುತ್ತದೆ, ಡಯಾಫ್ರಾಮ್ ಹರಿದರೆ ಕ್ಲ್ಯಾಂಪ್ ಬಿಚ್ಚಿ ಬದಲಿಸಬಹುದು. ಹಿಂದಿನ ಜೋಡಿ ಬೂಸ್ಟರಿನಲ್ಲಿ ದೊಡ್ಡ ಸ್ಪ್ರಿಂಗ್ ಟನ್ನಿನ ಆಸುಪಾಸಿನ ಬಲದಲ್ಲಿ ಮಡಚಿಕೊಂಡು ಕುಳಿತಿರುತ್ತದೆ. ಅದನ್ನೂ ಮುಂದಿನದರಂತೆಯೇ ಎಂದುಕೊಂಡು ಸ್ಪ್ರಿಂಗಿನ ಕಡೆಯ ಕ್ಲ್ಯಾಂಪನ್ನು ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಅದರಿಂದ ಜೀವ ಹೋಗಬಹುದು. ಕೆಲಸಕ್ಕೆ ಮುಂಚೆ ಉದ್ದನೆಯ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕಬೇಕು, ಆ ಕಡೆಯ ಕ್ಲ್ಯಾಂಪಿಗೆ ಯಾವ ಕಾರಣಕ್ಕೂ ಕೈಹಾಕಬಾರದು. ಮೇಷ್ಟ್ರೇ, ಎರಡಕ್ಕೂ ಒಂದೇ ಹೆಸರು ಇರಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ. ಮುಂದಿನದು ‘ಬ್ರೇಕ್ ಚೇಂಬರ್’, ಹಿಂದಿನದು ‘ಸ್ಪ್ರಿಂಗ್ ಚೇಂಬರ್’ ಎಂದು ಬರೆಯಿರಿ. ನಾನೂ ನನ್ನ ಹುಡುಗರಿಗೆ ಇಂದಿನಿಂದ ಹಾಗೆಯೇ ಹೇಳುತ್ತೇನೆ. ಮೂವತ್ತು ವರ್ಷದ ಬೂಸ್ಟರ್ ಬಾಯಿಂದ ಅಷ್ಟು ಬೇಗ ಹೋಗುವುದಿಲ್ಲ, ಪ್ರಯತ್ನಿಸುತ್ತೇನೆ.

ಘಟ್ಟದ ಗಾಡಿ

ಘಟ್ಟ ಇಳಿಯುವಾಗ ಆಗುವುದಕ್ಕೆ ಏನೆನ್ನುತ್ತೀರಿ? ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯದೆ ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಬಂದರೆ ಲೈನರಿನ (ಶೂ ಮೇಲಿನ ಉಜ್ಜುವ ಪದರದ) ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಓಡುತ್ತಲೇ ಇರುತ್ತದೆ. ತರಬೇತಿಯಲ್ಲಿ ಅದಕ್ಕೆ ‘ಬ್ರೇಕ್ ಫೇಡ್’ ಎಂದಿದ್ದರು. ನಾವು ‘ಬ್ರೇಕ್ ಸುಟ್ಟಿತು’ ಎನ್ನುತ್ತೇವೆ.

ಹೂಟಗಳ್ಳಿ ರಸ್ತೆ

‘ಸುಟ್ಟಿತು’ ಎಂದರೆ ಲೈನರ್ ಕರಕಲಾದ ಮೇಲಿನ ಸ್ಥಿತಿ ಎಂದಾಗುತ್ತದೆ. ಅಪಾಯ ಅದಕ್ಕೂ ಮುಂಚೆಯೇ ಶುರುವಾಗಿರುತ್ತದೆ. ಬಿಸಿಯಾದ ಲೈನರಿನ ಹಿಡಿತ ಕಡಿಮೆಯಾಗುವುದು ಒಂದು; ಅದರ ಜೊತೆಗೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಅದನ್ನು ಮುಟ್ಟಲು ಪುಷ್ ರಾಡ್ ಇನ್ನಷ್ಟು ಮುಂದೆ ಬರಬೇಕಾಗುತ್ತದೆ, ಚೇಂಬರಿನ ಕೊನೆಯ ಅಂಚಿನಲ್ಲಿ ಅದರ ಬಲವೂ ಇಳಿದುಹೋಗುತ್ತದೆ. ಸ್ಲ್ಯಾಕ್ ಸರಿಯಿಲ್ಲದ ಗಾಡಿ ಬಯಲಿನಲ್ಲಿ ಹೇಗೋ ನಿಲ್ಲುತ್ತದೆ, ಘಟ್ಟದಲ್ಲಿ ನಿಲ್ಲದಿರುವುದಕ್ಕೆ ಕಾರಣ ಇದೇ. ಇದಕ್ಕೆ ‘ಬ್ರೇಕ್ ಸೊರಗುವುದು’ ಎನ್ನಬಹುದೇ? ಸೊರಗಿದ್ದು ತಣಿದ ಮೇಲೆ ಚೇತರಿಸಿಕೊಳ್ಳಬಹುದು, ಸುಟ್ಟದ್ದು ಚೇತರಿಸಿಕೊಳ್ಳುವುದಿಲ್ಲ. ಎರಡೂ ಪದಗಳು ಬೇಕು.

ಪದಶೋಧ

ಸೊರಗುವುದು! ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇಂತಹ ಪದವನ್ನು. ಹೆಸರುಪದಗಳ ಬೆನ್ನುಹತ್ತಿ ಹೋದದ್ದು ನನ್ನದೇ ತಪ್ಪು. ಕನ್ನಡದ ಕಸುವು ಇಲ್ಲಿ ಕ್ರಿಯಾಪದಗಳಲ್ಲಿ ಇದೆ.

ಮರಳಿನ ದಾರಿ

ಕೊಲ್ಲಿ ದೇಶದಲ್ಲಿ ಟ್ರೇಲರ್ ಓಡಿಸುವ ಕನ್ನಡಿಗ ನಾನು. ಎರಡು ಸಂಗತಿಗಳನ್ನು ಸೇರಿಸಲು ಬಯಸುತ್ತೇನೆ.

ಮೊದಲನೆಯದು ಎಡ ಬಲದ ಪ್ರಶ್ನೆ. ಊರಿನಲ್ಲಿ ನಾವು ‘ಡ್ರೈವರ್ ಸೈಡ್’, ‘ಕ್ಲೀನರ್ ಸೈಡ್’ ಎಂದು ಹೇಳುತ್ತೇವೆ. ಇಲ್ಲಿ ಚಾಲಕ ಕೂರುವುದು ಎಡಗಡೆ. ಬಂದ ಹೊಸದರಲ್ಲಿ ‘ಡ್ರೈವರ್ ಸೈಡ್ ಟೈ ರಾಡ್ ಎಂಡ್’ ಎಂದು ಊರಿನ ಲೆಕ್ಕದಲ್ಲಿ ಹೇಳಿ, ತಪ್ಪಾದ ಭಾಗವನ್ನು ತರಿಸಿಕೊಂಡಿದ್ದೇನೆ. ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಟೈ ರಾಡಿನ ಒಂದು ತುದಿಯಲ್ಲಿ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು), ಇನ್ನೊಂದು ತುದಿಯಲ್ಲಿ ಎಡಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು) ಇರುವುದರಿಂದ ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲು ಬರುವುದಿಲ್ಲ. ನಿಮ್ಮ ಹುಡುಗರಲ್ಲಿ ಕೆಲವರಾದರೂ ನಾಳೆ ಹೊರದೇಶಕ್ಕೆ ಬರುವವರೇ. ‘ಗಾಡಿಯಲ್ಲಿ ಕುಳಿತು ಮುಂದೆ ನೋಡುವಾಗ ಎಡ, ಬಲ’ ಎಂದು ಮೊದಲ ಪುಟದಲ್ಲೇ ಬರೆಯಿರಿ.

ಎರಡನೆಯದು ಕಿಂಗ್‌ಪಿನ್. ಮುಂದಿನ ಅಚ್ಚಿನ ತುದಿಯಲ್ಲಿ ಚಕ್ರ ತಿರುಗಲು ಆಧಾರವಾದ ಗೂಟವೂ ಕಿಂಗ್‌ಪಿನ್, ಟ್ರೇಲರಿನ ಕೆಳಗೆ ಇಳಿಬಿದ್ದಿರುವ, ಎಳೆಯುವ ಗಾಡಿಯ ತಟ್ಟೆಯಲ್ಲಿ ಕಚ್ಚಿಕೊಳ್ಳುವ 2 ಇಂಚಿನ ಗೂಟವೂ ಕಿಂಗ್‌ಪಿನ್. ಒಂದೇ ಗಾಡಿಯಲ್ಲಿ ಎರಡೂ ಇವೆ. ಇದಕ್ಕೆ ಏನು ಪರಿಹಾರ?

ಮ್ಯೂನಿಕ್ ಮಾವಿನಕಾಯಿ

ಮರಳಿನ ದಾರಿ ಅವರ ಪ್ರಶ್ನೆಗೆ ನಾನು ಇರುವ ಊರಿನ ಇತಿಹಾಸದಲ್ಲೇ ಉತ್ತರವಿದೆ. ಹಿಂದೆ ಕುದುರೆ ಕಟ್ಟುವ ನಾಲ್ಕು ಗಾಲಿಯ ಸಾರೋಟುಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ಒಂದೇ ನಡುಗೂಟದ ಮೇಲೆ ತಿರುಗುತ್ತಿತ್ತು. ಆ ಗೂಟವೇ ಮೂಲ ಕಿಂಗ್‌ಪಿನ್. ತಿರುಗುವಾಗ ಆಸರೆಗೆಂದು ಅಚ್ಚಿನ ಮೇಲೆ ಮಲಗಿಸಿದ್ದ ದುಂಡನೆಯ ಬಳೆಯನ್ನು ಐದನೆಯ ಚಕ್ರವೆಂದು ಕರೆದರು. 1817ರಲ್ಲಿ ಮ್ಯೂನಿಕ್‌ನ ಸಾರೋಟು ತಯಾರಕ ಗೆಯೋರ್ಗ್ ಲಾಂಕೆನ್‌ಶ್ಪೆರ್ಗರ್ ಅಚ್ಚನ್ನು ಸ್ಥಿರವಾಗಿಟ್ಟು, ಅದರ ಎರಡು ತುದಿಗಳಲ್ಲಿ ಚಕ್ರಗಳು ಮಾತ್ರ ಬೇರೆ ಬೇರೆಯಾಗಿ ತಿರುಗುವಂತೆ ಮಾಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರೇ ಆ ಜೋಡಣೆಗೆ ಅಂಟಿಕೊಂಡಿತು. ಹೀಗೆ ನಡುವಿನ ಒಂದು ಗೂಟ ತುದಿಗಳ ಎರಡು ಗೂಟಗಳಾಯಿತು. ಹಳೆಯ ನಡುಗೂಟ ಮತ್ತು ಬಳೆ ಟ್ರೇಲರಿನಲ್ಲಿ ಉಳಿದುಕೊಂಡವು. ಹೆಸರು ಎರಡು ಕಡೆಗೂ ಹಂಚಿಹೋಯಿತು. ಮೈಸೂರಿನ ಅರಮನೆಯ ಸಾರೋಟನ್ನು ಬಗ್ಗಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು.

ಕನ್ನಡದಲ್ಲಿ ಮುಂದಿನ ಅಚ್ಚಿನದನ್ನು ‘ತಿರುಗುಗೂಟ’, ಟ್ರೇಲರಿನದನ್ನು ‘ಎಳೆಗೂಟ’ ಎಂದು ವಿವರಿಸಿ, ಆವರಣದಲ್ಲಿ ಅಲ್ಲದೆ ಸಾಲಿನಲ್ಲಿಯೇ ‘ಅಂಗಡಿಯಲ್ಲಿ ಕಿಂಗ್‌ಪಿನ್ ಎಂದು ಕೇಳಿ’ ಎಂದು ಬರೆಯಬಹುದು. ಐದನೆಯ ಚಕ್ರವನ್ನು ‘ಕೊಂಡಿತಟ್ಟೆ’ ಎನ್ನಿ, ಸಾಕು.

ಸ್ಟಬ್ ಆಕ್ಸಲ್ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನವರು ಅದನ್ನು ‘ನಕಲ್’ ಎಂದು ಬೆರಳ ಗೆಣ್ಣಿಗೆ ಹೋಲಿಸಿದರು, ಜರ್ಮನರು ‘ಆಕ್ಸ್‌ಶೆಂಕೆಲ್’, ಅಂದರೆ ಅಚ್ಚಿನ ತೊಡೆ ಎಂದರು. ಮೈಯ ಅಂಗಗಳಿಂದ ಹೆಸರಿಡುವುದು ಎಲ್ಲರ ಅಭ್ಯಾಸ. ನಮ್ಮ ‘ಮೋಟು ಅಚ್ಚು’ ಇವೆರಡಕ್ಕಿಂತಲೂ ನೇರವಾಗಿದೆ ಎಂಬುದು ನನ್ನ ಅನಿಸಿಕೆ.

ಪದಶೋಧ

ಮೋಟು ಅಚ್ಚು ಚೆನ್ನಾಗಿದೆ. ಸ್ಟೇರಿಂಗಿನ ರಾಡುಗಳಿಗೂ ಒಂದು ಸಲಹೆ: ಉದ್ದಕ್ಕೆ, ಅಂದರೆ ಹಿಂದು ಮುಂದಾಗಿ ಹೋಗುವ ಡ್ರ್ಯಾಗ್ ಲಿಂಕಿಗೆ ‘ಉದ್ದಸರಳು’, ಎರಡು ಚಕ್ರಗಳನ್ನು ಅಡ್ಡಲಾಗಿ ಕೂಡಿಸುವ ಟೈ ರಾಡಿಗೆ ‘ಅಡ್ಡಸರಳು’. ಅಡ್ಡಸರಳನ್ನು ಉದ್ದ ಅಥವಾ ಗಿಡ್ಡ ಮಾಡಿದರೆ ತಾನೇ ಚಕ್ರಗಳ ಮುಂಭಾಗ ಹತ್ತಿರಕ್ಕೋ ದೂರಕ್ಕೋ ಸರಿಯುವುದು? ಆ ‘ಟೋ ಇನ್’ ಎಂಬುದನ್ನು ‘ಒಳಮುಖ’ ಎನ್ನಬಹುದೇನೋ. ಕಾಲ್ಬೆರಳನ್ನು ಮಾತ್ರ ತರಬೇಡಿ.

ಗ್ಯಾರೇಜಿನ ಮೂಲೆ

ಅಡ್ಡಸರಳು, ಉದ್ದಸರಳು ಎರಡೂ ಇರಲಿ, ಚಿತ್ರದ ಪಕ್ಕದಲ್ಲಿ ಬರೆದರೆ ಹುಡುಗರಿಗೆ ಯಾವುದು ಎಲ್ಲಿದೆ ಎಂದು ಹೆಸರೇ ಹೇಳಿಕೊಡುತ್ತದೆ. ಒಳಮುಖವೂ ನಡೆಯುತ್ತದೆ, ಟೈರಿನ ಹೊರ ಅಂಚು ಬೇಗ ಸವೆದರೆ ಒಳಮುಖ ಹೆಚ್ಚಾಗಿದೆ, ಒಳ ಅಂಚು ಸವೆದರೆ ಹೊರಮುಖ ಆಗಿದೆ ಎಂದು ಹೇಳಲು ಸುಲಭ.

ಸ್ಲ್ಯಾಕ್ ಅಡ್ಜಸ್ಟರಿಗೆ ಮಾತ್ರ ಹೊಸ ಹೆಸರು ಬೇಡ. ಅದರ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿ: ಲೈನರ್ ಸವೆದಂತೆಲ್ಲ ಶೂ ಮತ್ತು ಡ್ರಮ್ಮಿನ ನಡುವೆ ಹೆಚ್ಚುವ ಸಂದನ್ನು ತೆಗೆಯುವ ಕೈ. ಬ್ರೇಕ್ ಹಿಡಿದಾಗ ಅದು ಪುಷ್ ರಾಡಿಗೆ ಲಂಬವಾಗಿ, ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ನಿಲ್ಲಬೇಕು. ತಾನಾಗಿಯೇ ಸರಿಹೊಂದಿಸಿಕೊಳ್ಳುವ ಬಗೆಯದಾದರೆ ಅದನ್ನು ಪದೇ ಪದೇ ಪಾನಾ ಹಾಕಿ ಬಿಗಿ ಮಾಡಬಾರದು. ಬಿಗಿ ಮಾಡುವ ಅಗತ್ಯ ಬಂದಿದೆ ಎಂದರೆ ಅದೇ ಕೆಟ್ಟಿದೆ ಅಥವಾ ಕ್ಯಾಮಿನ ಬುಷ್ ಸವೆದಿದೆ ಎಂದು ಅರ್ಥ.

ಅಚ್ಚುಮೆಚ್ಚು

ನಿಮ್ಮೆಲ್ಲರ ಮಾತುಗಳನ್ನು ಎದುರಿಗೆ ಇಟ್ಟುಕೊಂಡು ಎರಡು ಅಧ್ಯಾಯಗಳನ್ನು ತಿದ್ದಿದ್ದೇನೆ. ಅಚ್ಚು ಎಂದರೆ ಭಾರ ಹೊರುವುದು, ಎಕ್ಸೆಲ್ ಶಾಫ್ಟ್ ಎಂದರೆ ತಿರುಗಿಸುವುದು. ಬ್ರೇಕ್ ಹಿಡಿಯುತ್ತದೆ, ಬಿಡುತ್ತದೆ, ಸೊರಗುತ್ತದೆ, ಸುಡುತ್ತದೆ, ‘ಹೋಗುವುದಿಲ್ಲ’. ಬೂಸ್ಟರ್ ಎಂಬ ಪದವನ್ನು ಒಂದೇ ಒಂದು ಕಡೆ, ಸ್ಪ್ರಿಂಗ್ ಚೇಂಬರಿನ ಎಚ್ಚರಿಕೆಯ ಪುಟದಲ್ಲಿ, ‘ಗ್ಯಾರೇಜಿನಲ್ಲಿ ಇದನ್ನೂ ಬೂಸ್ಟರ್ ಎಂದೇ ಕರೆಯುತ್ತಾರೆ, ಮೋಸಹೋಗಬೇಡಿ’ ಎಂದು ಉಳಿಸಿಕೊಂಡಿದ್ದೇನೆ. ಹಬ್‌ಗೆ ಗುಂಬ ಎಂದು ಬರೆದು ನೋಡಿದೆ. ಹದಿನೆಂಟು ಹುಡುಗರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಆ ಇಬ್ಬರ ಮನೆಯಲ್ಲೂ ಇನ್ನೂ ಎತ್ತಿನ ಗಾಡಿ ಇದೆ. ಆದ್ದರಿಂದ ಹಬ್ ಎಂದೇ ಇಟ್ಟಿದ್ದೇನೆ, ಪದಶೋಧ ಅವರು ಕ್ಷಮಿಸಬೇಕು.

ಘಟ್ಟದ ಗಾಡಿಯವರ ಅನುಭವದಿಂದ ಹೊಳೆದದ್ದು ಕೊನೆಯ ಪುಟ. ಗಾಡಿ ದಾರಿಯಲ್ಲಿ ಕೆಟ್ಟಾಗ ಚಾಲಕ ಮಾಲೀಕನಿಗೋ ಗ್ಯಾರೇಜಿಗೋ ಫೋನಿನಲ್ಲಿ ಏನನ್ನು ಹೇಳಬೇಕು ಎಂಬುದನ್ನು ಅಲ್ಲಿ ಬರೆಯಬೇಕೆಂದಿದ್ದೇನೆ: ಎಷ್ಟನೆಯ ಅಚ್ಚು, ಮುಂದೆ ನೋಡುವಾಗ ಎಡವೋ ಬಲವೋ, ಗಾಡಿ ಕದಲುತ್ತದೆಯೇ ಇಲ್ಲವೇ, ಬ್ರೇಕ್ ಹಿಡಿಯುತ್ತಿಲ್ಲವೋ ಬಿಡುತ್ತಿಲ್ಲವೋ, ಮೀಟರಿನಲ್ಲಿ ಗಾಳಿ ಎಷ್ಟಿದೆ. ಅಚ್ಚುಗಳನ್ನು ಮುಂದಿನಿಂದ ಎಣಿಸಬೇಕೆಂದು ಬರೆದಿದ್ದೇನೆ. ಲಿಫ್ಟ್ ಅಚ್ಚು ಮೇಲೆದ್ದಿರುವಾಗ ಅದನ್ನೂ ಎಣಿಸಬೇಕೋ ಬೇಡವೋ?

ಘಟ್ಟದ ಗಾಡಿ

ಎಣಿಸಬೇಕು. ಮೇಲೆದ್ದಿದ್ದರೂ ಅದು ಅಲ್ಲಿಯೇ ಇರುತ್ತದೆ. ಇಲ್ಲವಾದರೆ ಲೋಡಿದ್ದಾಗ ನಾಲ್ಕನೆಯದಾಗಿದ್ದ ಅಚ್ಚು ಖಾಲಿ ಬರುವಾಗ ಮೂರನೆಯದಾಗಿಬಿಡುತ್ತದೆ, ನಾನು ಮತ್ತೆ ತಪ್ಪು ಲೈನರ್ ಕಳುಹಿಸುತ್ತೇನೆ.

ಗ್ಯಾರೇಜಿನ ಮೂಲೆ

ಸರಿಯಾದ ಮಾತು. ಮೇಷ್ಟ್ರೇ, ಆ ಪುಟ ಸಿದ್ಧವಾದ ಕೂಡಲೇ ನನಗೊಂದು ಪ್ರತಿ ಕಳುಹಿಸಿ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಫೋನಿನ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ಅಂದು ಗದರಿಸಿಕೊಂಡ ಹುಡುಗ ಈಗ ನನ್ನ ಮುಖ್ಯ ಮೆಕ್ಯಾನಿಕ್, ಅದನ್ನು ಅವನ ಕೈಯಿಂದಲೇ ಅಂಟಿಸುತ್ತೇನೆ.